ಕೊನೆಯ ಸಾಲಿನ ಪಿಟೀಲು

ಮೊದಲ ದಿನವೇ ನಾನು ಪಕ್ಕದ ಕುರ್ಚಿಯವರಿಗೆ ಮನಸ್ಸಿನಲ್ಲಿ ಹತ್ತಕ್ಕೆ ಮೂರು ಕೊಟ್ಟಿದ್ದೆ. ಹಾಡು ಕೇಳುವಾಗ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಿದ್ದರು. ಬೆರಳ ತುದಿಯಲ್ಲಿ ಒಣಗಿದ ಅಂಟು ಬೇರೆ.

"ಸ್ವಲ್ಪ ಸುಮ್ನಿರ್ತೀರಾ? ಹಾಡಲ್ಲಿ ಆಗ್ಲೇ ಒಬ್ಬ ಡ್ರಮ್ಸ್‌ನವನಿದ್ದಾನೆ," ಎಂದೆ, ಹಾಡು ಮುಗಿದ ಮೇಲೆ.

"ಗೊತ್ತು ಟೀಚರ್. ಒಂದು ಕಡೆ ದಾರಿ ತಪ್ಪಿದ, ಕೈ ಹಿಡಿದು ಕರ್ಕೊಂಡು ಬಂದೆ ಅಷ್ಟೇ."

ನಗು ಬಂತು, ನಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವವಳಿಗೆ ನಗು ನುಂಗುವುದು ರೂಢಿಯಾಗಿರುತ್ತದೆ.

ಎಲ್ಲರಿಗಿಂತ ದೊಡ್ಡ ಸಂಗೀತ ನಿರ್ದೇಶಕ ಯಾರು ಎಂದು ರೇಡಿಯೋದವರು ಒಂದು ಕಾರ್ಯಕ್ರಮ ಹೂಡಿದ್ದರು. ಕೇಳುಗರ ವೋಟು ಮುಗಿದು ಇಬ್ಬರು ಉಳಿದಿದ್ದರು. ಇಬ್ಬರೂ ತೀರಿಕೊಂಡು ಬಹಳ ಕಾಲವಾಗಿತ್ತು, ಪಾಪ, ಅವರಿಗೆ ಇದರಿಂದ ಆಗಬೇಕಾದ್ದೇನೂ ಇರಲಿಲ್ಲ. ಒಬ್ಬರನ್ನು ಜನ ದೊಡ್ಡಣ್ಣ ಎನ್ನುತ್ತಿದ್ದರು. ಹಾಡಿಗೆ ನಲವತ್ತು ಪಿಟೀಲು ಕೂರಿಸದೆ ನಿದ್ದೆ ಬಾರದ ಮನುಷ್ಯ. ಇನ್ನೊಬ್ಬರು ಕೊಳಲಪ್ಪ. ಒಂದು ಕೊಳಲು, ಒಂದು ಗಂಟಲು, ನಡುವೆ ಬೇಕಾದಷ್ಟು ಮೌನ.

ತೀರ್ಪಿಗೆ ಮೂವರು ಕೂರಬೇಕಿತ್ತು. ನಾನು ಕೊಳಲಪ್ಪನ ಕಡೆ. ಪಿಟೀಲು ರಿಪೇರಿ ಅಂಗಡಿಯ ಇವರು ದೊಡ್ಡಣ್ಣನ ಕಡೆ. ಮೂರನೆಯವರಾದ ಹಿರಿಯ ಗಾಯಕರು ನಮ್ಮಿಬ್ಬರ ವಾದವನ್ನು ಎರಡು ದಿನ ಸಹಿಸಿದರು. ಆಮೇಲೆ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಡುವೆ ನಾನ್ಯಾಕಮ್ಮ?" ಎಂದು ಎದ್ದೇ ಹೋದರು. ನಾವಿಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು.

ಪ್ರೊಡ್ಯೂಸರ್ ಮೇಡಂ ಒಂದು ನಿಯಮ ಮಾಡಿದ್ದರು. ಹಾಡು ಕೇಳುವಾಗ ಕಣ್ಣು ಮುಚ್ಚಬೇಕು, ಕೊನೆಯ ಸದ್ದು ಅಡಗುವ ತನಕ ಬಾಯಿ ಬಿಡಬಾರದು. ನಾನು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದೆ. ಮಾರ್ಕು ಕೊಡುವುದರಲ್ಲೂ ನನ್ನ ಕೈ ಬಿಗಿ. ಸ್ಟುಡಿಯೋದವರು ಬೆನ್ನ ಹಿಂದೆ ನನ್ನನ್ನು ಸೊನ್ನೆ ಟೀಚರ್ ಎನ್ನುತ್ತಾರೆಂದು ಗೊತ್ತಿತ್ತು. ಅವರನ್ನು ಪಿಟೀಲು ಡಾಕ್ಟರ್ ಎನ್ನುತ್ತಿದ್ದರು. ಅದು ನನಗೂ ಬಾಯಿಗೆ ಬಂತು.

"ಡಾಕ್ಟ್ರೇ, ನಲವತ್ತು ಪಿಟೀಲು ಯಾಕೆ? ಮೂವತ್ತೊಂಬತ್ತಾದ್ರೆ ಹಾಡು ಸತ್ತುಹೋಗುತ್ತಾ?" ಎಂದು ಒಂದು ಸಂಜೆ ಕೆಣಕಿದೆ.

ಯಾವಾಗಲೂ ಮಾತಿಗೆ ಮಾತು ಕೊಡುವವರು ಅಂದು ಬೆರಳಿನ ಅಂಟು ಕೆರೆದುಕೊಂಡರು.

"ನಮ್ಮಪ್ಪ ಕೊನೇ ಸಾಲಲ್ಲಿ ಕೂತು ನುಡಿಸ್ತಿದ್ರು. ಒಂದು ದಿನ ಜ್ವರ ಅಂತ ಹೋಗ್ಲಿಲ್ಲ. ದೊಡ್ಡಣ್ಣ ಅರ್ಧಕ್ಕೇ ಹಾಡು ನಿಲ್ಲಿಸಿ, 'ಹಿಂದೆ ಒಬ್ಬ ಇಲ್ಲ' ಅಂದ್ರಂತೆ. ಕಣ್ಣಲ್ಲಿ ನೋಡಿ ಹೇಳಿದ್ದಲ್ಲ, ಕಿವಿಯಲ್ಲಿ ಕೇಳಿ ಹೇಳಿದ್ದು. ಅಪ್ಪ ಸಾಯೋ ತನಕ ಅದೊಂದು ಮಾತು ಹೇಳ್ಕೊಂಡಿದ್ರು."

ಅವರು ಅದೇ ಹಾಡನ್ನು ಮತ್ತೆ ಹಾಕಿದರು. ಅಂದಿನಿಂದ ನನ್ನ ಕಿವಿ ಕೆಟ್ಟಿತು. ದೊಡ್ಡಣ್ಣನ ಯಾವ ಹಾಡು ಬಂದರೂ ಗದ್ದಲವೆಲ್ಲ ಸರಿದು, ಕೊನೆಯ ಸಾಲಿನಲ್ಲಿ ಯಾರೋ ಒಬ್ಬರು ಮನಸಿಟ್ಟು ನುಡಿಸುತ್ತಿರುವುದು ಕೇಳತೊಡಗಿತು. ನಿಜವಾಗಿ ಕೇಳುತ್ತಿತ್ತೋ, ನಾನೇ ಅಂದುಕೊಂಡೆನೋ ಗೊತ್ತಿಲ್ಲ.

ನನ್ನ ಸರದಿ ಬಂದಾಗ ಕೊಳಲಪ್ಪನ ಜೋಗುಳ ಹಾಕುತ್ತಿದ್ದೆ. "ಮಗುವೂ ಹಾಡಬಹುದಾದ ಧಾಟಿ ಕಟ್ಟೋದು ಸುಲಭ ಅಂದ್ಕೊಂಡ್ರಾ?" ಎಂದು ವಾದಿಸುತ್ತಿದ್ದೆ. ಅವರು ತಲೆ ಕೆರೆದುಕೊಂಡು, "ಇದರಲ್ಲಿ ಏನೂ ಇಲ್ವಲ್ಲ ಟೀಚರ್," ಎನ್ನುತ್ತಿದ್ದರು. ಮರುದಿನ ಅವರೇ ಅದನ್ನು ಮತ್ತೆ ಹಾಕಿಸುತ್ತಿದ್ದರು.

ಮನೆಯಲ್ಲಿ ಅತ್ತಿಗೆಗೆ ವಾಸನೆ ಹತ್ತಿತು.

"ತೀರ್ಪು ಕೊಡೋಕೆ ಹೋಗೋರಿಗೆ ಇಸ್ತ್ರಿ ಬಟ್ಟೆ ಯಾಕೆ?"

"ಸುಮ್ನಿರಿ ಅತ್ತಿಗೆ."

"ಸುಮ್ನಿರ್ತೀನಿ. ಶನಿವಾರ ತೀರ್ಪು ಆಗೋಗುತ್ತಲ್ಲ, ಭಾನುವಾರದಿಂದ ಎಲ್ಲಿಗೆ ಹೋಗ್ತೀಯಾ?"

ಆ ಪ್ರಶ್ನೆ ರಾತ್ರಿಯ ಊಟಕ್ಕೂ ನನ್ನ ಜೊತೆ ಕೂತಿತು. ಇಬ್ಬರೂ ಒಂದೇ ಹೆಸರು ಹೇಳುವ ತನಕ ತೀರ್ಪಿಲ್ಲ, ನಾನು ಒಪ್ಪದೆ ಹಟ ಹಿಡಿದರೆ ಇನ್ನೊಂದು ವಾರ ಸಿಗಬಹುದಿತ್ತು. ಆದರೆ ಅವರನ್ನು ನೋಡುವ ಆಸೆಗೆ ಸುಳ್ಳು ಮಾರ್ಕು ಕೊಡುವುದು ನನ್ನಿಂದಾಗದು. ಕಿವಿ ಬದಲಾಗಿದೆ ಎಂದ ಮೇಲೆ ಹೇಳಲೇಬೇಕು. ಹೇಳಿದರೆ ತೀರ್ಪು ಮುಗಿಯುತ್ತದೆ, ಅವರೂ ಮುಗಿಯುತ್ತಾರೆ.

ಶನಿವಾರ ಪ್ರೊಡ್ಯೂಸರ್ ಮೇಡಂ ನಮ್ಮನ್ನು ಒಬ್ಬೊಬ್ಬರನ್ನಾಗಿ ತೀರ್ಪು ರೆಕಾರ್ಡ್ ಮಾಡಲು ಮೈಕಿನ ಕೋಣೆಗೆ ಕಳಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಾರದು. ಎರಡೂ ಮುಗಿದ ಮೇಲೆ ಒಟ್ಟಿಗೆ ಕೂರಿಸಿ, "ನಿಯಮ ನೆನಪಿದೆಯಲ್ಲ?" ಎಂದು ಸ್ವಿಚ್ ಒತ್ತಿದರು. ನಾನು ಕಣ್ಣು ಮುಚ್ಚಿದೆ.

ಮೊದಲು ನನ್ನದೇ ದನಿ, ಒಣಗಿದ ದನಿ. "ನನ್ನ ವೋಟು ದೊಡ್ಡಣ್ಣನಿಗೆ. ಕೊನೇ ಸಾಲಲ್ಲಿ ಕೂತವನೂ ಬೇಕು ಅಂತ ತಿಳಿದವರು ಅವರು. ಇಷ್ಟು ದಿನ ನನಗದು ಕೇಳಿಸ್ತಿರ್ಲಿಲ್ಲ."

ಪಕ್ಕದ ಕುರ್ಚಿ ಕಿರ್ ಎಂದಿತು. ಆಮೇಲೆ ಅವರ ದನಿ ಬಂತು.

"ನನ್ನ ವೋಟು ಕೊಳಲಪ್ಪನಿಗೆ. ಅಂಗಡಿಯಲ್ಲಿ ಒಬ್ಬನೇ ಕೂತು ಅಂಟು ಹಚ್ಚುವಾಗ ಬಾಯಿಗೆ ಬರೋದು ಆ ಜೋಗುಳಾನೇ. ನಲವತ್ತು ಪಿಟೀಲನ್ನ ಒಂದು ಬಾಯಲ್ಲಿ ಗುನುಗೋಕಾಗುತ್ತಾ? ಆದ್ರೆ ಒಂದು ತೊಂದ್ರೆ ಇದೆ. ಆ ಹಾಡು ದೊಡ್ಡದೋ, ಅದನ್ನ ಕೇಳುವಾಗ ಟೀಚರ್ ಮುಖದಲ್ಲಿ ಬರೋ ಬೆಳಕು ದೊಡ್ಡದೋ, ನನಗೆ ಬೇರೆ ಮಾಡೋಕೆ ಬರ್ತಿಲ್ಲ."

ಮುಖದಲ್ಲಿ? ಕಣ್ಣು ಮುಚ್ಚಿಕೊಂಡು ಇವರು ಯಾರ ಮುಖ ನೋಡಿದರು?

ಹಾಡಿನ ನಡುವೆ ಎಂದೂ ಕಣ್ಣು ತೆರೆಯದವಳು ಅಂದು ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಿವಿಯ ತನಕ ಕೆಂಪಾಗಿದ್ದರು, ಆದರೂ ನೋಟ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಸ್ಪೀಕರಿನೊಳಗಿನ ಅವರು ಇನ್ನೂ ಮಾತಾಡುತ್ತಿದ್ದರು. "ಅದಕ್ಕೇ ನನ್ನ ವೋಟು ಲೆಕ್ಕಕ್ಕೆ ತಗೋಬೇಡಿ ಮೇಡಂ. ಈ ಮಾತನ್ನ ಎದುರಿಗೆ ಹೇಳೋ ಧೈರ್ಯ ಇರ್ಲಿಲ್ಲ. ಮೈಕಿಗೆ ಹೇಳಿದೀನಿ."

ಕೊನೆಯ ಸದ್ದು ಅಡಗುವ ತನಕ ಕಾದೆ. ನಿಯಮ ನಿಯಮವೇ.

"ಮೊದಲ ದಿನದಿಂದ್ಲೂ ಕಣ್ಣು ಬಿಟ್ಟೇ ಕೂತಿದ್ರಾ?"

"ಇಲ್ಲ ಟೀಚರ್. ಮೂರನೇ ದಿನದಿಂದ. ಮೊದಲೆರಡು ದಿನ ನಿಮ್ಮನ್ನ ಕಂಡ್ರೆ ಭಯ ಇತ್ತು."

ಪ್ರೊಡ್ಯೂಸರ್ ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು. "ಇಬ್ಬರೂ ಕಡೆ ಬದಲಾಯಿಸಿದ್ರೆ ಮತ್ತೆ ಒಂದಕ್ಕೊಂದೇ ಆಯ್ತಲ್ರೀ! ಇವರ ವೋಟು ತೆಗೆದ್ರೆ ನಿಮ್ಮದೊಂದೇ ಉಳಿಯುತ್ತೆ. ದೊಡ್ಡಣ್ಣ ಅಂತ ಹೇಳ್ಬಿಡ್ಲಾ?"

"ನನ್ನದನ್ನೂ ತೆಗೀರಿ ಮೇಡಂ," ಎಂದೆ. "ಕೊನೇ ಸಾಲಲ್ಲಿ ನಾನು ಹುಡುಕ್ತಿದ್ದದ್ದು ಬರೀ ಪಿಟೀಲನ್ನಲ್ಲ."

ಮೇಡಂ ನಮ್ಮಿಬ್ಬರನ್ನೂ ನೋಡಿ, ಹಿರಿಯ ಗಾಯಕರಿಗೆ ಫೋನ್ ಮಾಡಲು ಹೊರಗೆ ಹೋದರು. ಹೋಗುವಾಗ ಬಾಗಿಲು ಎಳೆದುಕೊಂಡರು.

"ಎಷ್ಟು ಮಾರ್ಕು ಟೀಚರ್?" ಎಂದರು.

"ಒಂದ್ಸಲ ಕೇಳಿ ಮಾರ್ಕು ಕೊಡೋಳಲ್ಲ ನಾನು. ಭಾನುವಾರ ಅಂಗಡಿಗೆ ಬರ್ತೀನಿ. ಮೈಕಿಲ್ದೆ ಇನ್ನೊಂದ್ಸಲ ಹೇಳಿ."