ಮೂರನೇ ಬೀಟಿನ ಇದ್ದಿಲು

ಸೋಮವಾರ ಬೆಳಿಗ್ಗೆ 9.10ಕ್ಕೆ ಸರಕಾರಿ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವಾಕೆ ಠಾಣೆಗೆ ಬಂದು, ಆಕ್ಸಿಜನ್ ಯಂತ್ರವೊಂದು ಕಳುವಾಗಿದೆ ಎಂದು ದೂರು ಕೊಟ್ಟರು.

"ಡಬ್ಬ ಇದ್ದಲ್ಲೇ ಇದೆ ಸಾರ್. ಕಸ ಗುಡಿಸೋಕೆ ಸರಿಸಿದ್ರೆ ಹಗುರ. ಒಳಗೆ ಏನೂ ಇಲ್ಲ."

"ಯಂತ್ರ ಬಳಸ್ತಾ ಇದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ. ಬಂದು ನಾಲ್ಕು ತಿಂಗಳಾಯ್ತು. ಮೇಲಿನವರ ಸಹಿ ಬರಬೇಕಿತ್ತು."

ಶನಿವಾರ ಸಂಜೆ ಡಬ್ಬ ಭಾರವಾಗಿಯೇ ಇತ್ತು. ಭಾನುವಾರ ಉಗ್ರಾಣದ ಬೀಗದ ಕೈ ಇದ್ದದ್ದು ಆಂಬುಲೆನ್ಸ್ ಚಾಲಕನ ಬಳಿ. 9.40ಕ್ಕೆ ಎಫ್‌ಐಆರ್ ಆಯಿತು. 10.15ರ ಸ್ಥಳ ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಬೀಗ ಒಡೆದಿಲ್ಲ, ಕಿಟಕಿಗೆ ಸರಳು ಇದೆ, ಖಾಲಿ ಡಬ್ಬದ ಪಕ್ಕದ ಕಪಾಟಿನಲ್ಲಿ ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಗಳಿವೆ.

11.20ಕ್ಕೆ ಚಾಲಕನನ್ನು ಕರೆಸಿದರು. ಹತ್ತೊಂಬತ್ತು ವರ್ಷದ ಸೇವೆ, ಗಿಡ್ಡ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತ.

"ಭಾನುವಾರ ಉಗ್ರಾಣಕ್ಕೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲ ಸಾರ್."

"ಬೀಗದ ಕೈ?"

"ನನ್ನ ಜೇಬಲ್ಲೇ ಇತ್ತು."

"ಹಾಗಾದ್ರೆ ಯಂತ್ರಕ್ಕೆ ಕಾಲು ಬಂತಾ?"

ಹೊರಗಿನ ಬೆಂಚಿನಲ್ಲಿ ಚಾಲಕನ ಹೆಂಡತಿ ಕೂತಿದ್ದಳು. ಬಂಧನವಾದರೆ ಕೆಲಸದಿಂದ ಅಮಾನತು, ಆಮೇಲೆ ಆ ವಾಹನ ಮತ್ತೆ ಕೈಗೆ ಸಿಗುವುದಿಲ್ಲ ಎನ್ನುವುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಠಾಣೆಯ ರೈಟರ್‌ಗೆ ಹೇಳಿದಳು: "ಅಣ್ಣಾ, ಅವರು ಆ ಆಸ್ಪತ್ರೆಯಿಂದ ಒಂದು ಚೂರು ಹತ್ತಿ ಸಹ ಮನೆಗೆ ತಂದವರಲ್ಲ."

ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಚಾಲಕನನ್ನು ಕಳಿಸಿಕೊಟ್ಟರು. "ನಾಳೆ ಹತ್ತು ಗಂಟೆಗೆ ಬಾ. ಬರುವಾಗ ಮನೇಲಿ ಹೇಳಿ ಬಾ."

ಆ ಮಾತಿನ ಅರ್ಥ ಬೆಂಚಿನವರೆಗೂ ಮುಟ್ಟಿತು.

ಠಾಣೆಯಲ್ಲಿ ಇದ್ದವರು ಒಂಬತ್ತು ಜನ. ಇನ್ಸ್‌ಪೆಕ್ಟರ್, ರಜೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್, ಕಾಗದಪತ್ರವನ್ನೆಲ್ಲ ಹೊತ್ತ ರೈಟರ್, ವೈರ್‌ಲೆಸ್‌ಗೆ ಒಬ್ಬರು, ಜೀಪಿಗೆ ಒಬ್ಬರು. ಉಳಿದ ನಾಲ್ವರಿಗೆ ಊರನ್ನು ಗಸ್ತಿನ ನಾಲ್ಕು ಬೀಟುಗಳಾಗಿ ಹಂಚಲಾಗಿತ್ತು. ಬೆಳಿಗ್ಗೆ 7.30ರ ಹಾಜರಿಯಲ್ಲಿ ಪ್ರತಿ ಬೀಟಿನವರೂ ಮೂರು ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಬೇಕು: ಹೊಸದೇನು, ಎಂದಿನದು ಯಾವುದು ಇಲ್ಲ, ಯಾರು ಕಾಣಲಿಲ್ಲ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದಾದರೂ ಹೇಳಬೇಕು. ರೈಟರ್ ಬರೆದುಕೊಳ್ಳುತ್ತಾರೆ. ಮೂರು ವಾರದ ಹಿಂದೆ ವರ್ಗವಾಗಿ ಬಂದ ಇನ್ಸ್‌ಪೆಕ್ಟರ್ ಮೊದಲ ದಿನವೇ ಕೇಳಿದ್ದರು, "ಇದೇನ್ರೀ, ಹಾಜರಿನೋ ಪುರಾಣನೋ?" ತಿಂಗಳ ಕೊನೆಗೆ ಇದನ್ನು ನಿಲ್ಲಿಸಬೇಕೆಂದು ಅವರ ಮನಸ್ಸಿನಲ್ಲಿತ್ತು.

ಮಂಗಳವಾರ ಬೆಳಿಗ್ಗೆ ಅವರು ಹಾಜರಿಗೆ ಬಂದಾಗ ಮುಖ ಗಂಟಿಕ್ಕಿತ್ತು. ಇಸ್ತ್ರಿಯಿಂದ ಬಂದ ಹೊಸ ಅಂಗಿಯ ಬೆನ್ನಿನಲ್ಲಿ ಸಾಸಿವೆಯಷ್ಟು ತೂತು. ಕೊರಳಪಟ್ಟಿಯಲ್ಲಿ ಹೊಗೆಯ ವಾಸನೆ.

ಮೂರನೇ ಬೀಟಿನ ಮಹಿಳಾ ಕಾನ್‌ಸ್ಟೆಬಲ್ ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

"ಹೊಸದು, ಇಸ್ತ್ರಿಯಣ್ಣನ ಬಾಗಿಲಲ್ಲಿ ಇದ್ದಿಲ ಬೂದಿ. ಎಂದಿನದು ಇಲ್ಲದ್ದು, ಇಸ್ತ್ರಿಯಣ್ಣನ ರೇಡಿಯೋ. ಕಾಣದವರು, ಇಸ್ತ್ರಿಯಣ್ಣನ ಹೆಂಡತಿ. ಉಸಿರಾಟದ ಕಾಯಿಲೆ ಸಾರ್, ಯಾವಾಗಲೂ ಕಿಟಕಿ ಹತ್ರ ಕೂತಿರ್ತಿದ್ರು. ಎರಡು ದಿನದಿಂದ ಕಿಟಕಿ ಮುಚ್ಚಿದೆ."

ಇನ್ಸ್‌ಪೆಕ್ಟರ್ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು. "ಅವರದು ಕರೆಂಟ್ ಇಸ್ತ್ರಿ ಅಲ್ವಾ?"

"ಹೌದು ಸಾರ್. ಆದ್ರೆ ಅವರ ಮನೆ ಲೈನು ತಡೆಯಲ್ಲ. ಮಿಕ್ಸಿ ಹಾಕಿದ್ರೆ ಇಸ್ತ್ರಿ ಆರಿಸ್ತಾರೆ. ಎರಡೂ ಹಾಕಿದ್ರೆ ಫ್ಯೂಸ್ ಹೋಗುತ್ತೆ."

"ಎರಡು ದಿನದಿಂದ ಮಿಕ್ಸಿ ಹಾಕ್ಕೊಂಡು ಕೂತಿದಾರಾ?"

ಆ ಮನೆಯಲ್ಲಿ ಆರಿಸಲಾಗದ್ದು ಏನೋ ಒಂದು ಓಡುತ್ತಿತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದು ರೈಟರ್ ತಮ್ಮ ತೋಳನ್ನೇ ಮೂಸಿ ನೋಡಿಕೊಂಡರು. ಒಂಬತ್ತು ಜನರ ಸಮವಸ್ತ್ರವೂ ಅದೇ ಇಸ್ತ್ರಿಯಿಂದ ಬರುತ್ತಿತ್ತು.

8.05ಕ್ಕೆ ಇನ್ಸ್‌ಪೆಕ್ಟರ್ ಚಾಲಕನಿಗೆ ಫೋನ್ ಮಾಡಿದರು.

"ಭಾನುವಾರ ಇಸ್ತ್ರಿಯವನು ಬಂದಿದ್ನಾ?"

"ಬಂದಿದ್ರು ಸಾರ್. ಬೀಗ ತೆಗೆದುಕೊಟ್ಟೆ. ಮಡಿಸಿದ ಬಟ್ಟೆ ಇಟ್ಟು, ಮಡಿಸದ ಗಂಟು ಗಾಡಿಗೆ ಹಾಕ್ಕೊಂಡು ಹೋದ್ರು."

"ಯಾರೂ ಬಂದಿಲ್ಲ ಅಂದ್ಯಲ್ಲ?"

"ಅವರು ಪ್ರತಿ ಭಾನುವಾರ ಬರ್ತಾರಲ್ಲ ಸಾರ್," ಚಾಲಕ ನಿಜವಾಗಿಯೂ ಗೊಂದಲಗೊಂಡಿದ್ದ. "ಅದೂ ಬಂದ ಹಾಗೇನಾ?"

8.40ಕ್ಕೆ ಇನ್ಸ್‌ಪೆಕ್ಟರ್, ರೈಟರ್, ಮಹಿಳಾ ಕಾನ್‌ಸ್ಟೆಬಲ್ ಮೂವರೂ ಇಸ್ತ್ರಿಯವನ ಮನೆಯ ಮುಂದೆ ಜೀಪಿನಿಂದ ಇಳಿದರು. ಬಾಗಿಲು ತೆರೆದೇ ಇತ್ತು. ಇಸ್ತ್ರಿಯವನು ಮೇಜಿನ ಮೇಲೆ ಖಾಕಿ ಅಂಗಿಯೊಂದನ್ನು ಹರಡಿಕೊಂಡಿದ್ದ. ಒಳಕೋಣೆಯಿಂದ ಒಂದೇ ಸಮನೆ ಗುಂಯ್ಗುಡುವ ಸದ್ದು. ಅವನು ಮೂವರನ್ನೂ ನೋಡಿ, ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ.

"ನಿಮ್ಮದೇ ಅಂಗಿ ಸಾರ್. ಒಂದು ತೋಳು ಬಾಕಿ."

"ಯಂತ್ರ ಎಲ್ಲಿಂದ ಬಂತು?"

"ನಾನೇ ತಂದೆ. ಬಟ್ಟೆ ಗಂಟಿನ ಒಳಗೆ."

"ಕೇಳಬಹುದಿತ್ತಲ್ಲ?"

"ಏಳು ಸಲ ಕೇಳಿದೆ. ಸಹಿ ಬರಲಿ ಅಂದ್ರು."

"ಹತ್ತು ಗಂಟೆಗೆ ಆಂಬುಲೆನ್ಸ್ ಚಾಲಕನ ಬಂಧನ ಆಗೋದಿತ್ತು. ಗೊತ್ತಾ?"

ಅದು ಅವನಿಗೆ ಗೊತ್ತಿರಲಿಲ್ಲ. "ಅವರಾ? ಇವಳನ್ನ ಮೂರು ಸಲ ಆಸ್ಪತ್ರೆಗೆ ಎತ್ಕೊಂಡು ಹೋದವರು ಅವರು." ರೈಟರ್ ಕಡೆ ತಿರುಗಿ, "ಬರ್ಕೊಳ್ಳಿ ಸಾರ್. ನಾನೇ ಅಂತ ಬೇಗ ಬರ್ಕೊಳ್ಳಿ," ಎಂದ.

ಒಳಗೆ ಅವನ ಹೆಂಡತಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿದ್ದಳು. ಮಹಿಳಾ ಕಾನ್‌ಸ್ಟೆಬಲ್ "ಅಕ್ಕ" ಎಂದು ಪಕ್ಕದಲ್ಲಿ ಕೂತಳು. ರೈಟರ್ ಸಾಕ್ಷಿಗೆ ಪಂಚರಿಬ್ಬರನ್ನು ಕರೆತಂದು ಜಪ್ತಿ ಪಂಚನಾಮೆ ಶುರುಮಾಡಿ ನಡುವೆಯೇ ನಿಂತರು.

"ಸಾರ್, ವಸ್ತುವನ್ನ ಬಟ್ಟೆ ಸುತ್ತಿ ಸೀಲ್ ಮಾಡಬೇಕು. ಸುತ್ತಿದ್ರೆ ಗಾಳಿ ಹೋಗಲ್ಲ."

ಇನ್ಸ್‌ಪೆಕ್ಟರ್ ಯೋಚಿಸಿದರು. "ಸೀಲ್ ಬೇಡ, ಚೀಟಿ ಅಂಟಿಸಿ. ಯಂತ್ರ ಚಾಲನೆಯಲ್ಲಿತ್ತು, ನಿಲ್ಲಿಸಲಿಲ್ಲ ಅಂತ ಬರೀರಿ."

9.35ಕ್ಕೆ ಇನ್ಸ್‌ಪೆಕ್ಟರ್ ಕರೆಸಿದ ಆಂಬುಲೆನ್ಸ್ ಬಂತು. ಚಾಲಕ ಸಿಲಿಂಡರ್ ಇಳಿಸಿ, ಮುಖಕ್ಕೆ ಮಾಸ್ಕ್ ಕೂರಿಸಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದ. ಎರಡು ದಿನದ ನಂತರ ಆ ಮನೆಯ ಸದ್ದಡಗಿತು.

"ನನಗೊಂದು ಮಾತು ಹೇಳಬಾರದಿತ್ತಾ ಅಣ್ಣ?" ಚಾಲಕ ಕೇಳಿದ.

"ಹೇಳಿದ್ರೆ ನೀವು ಬೀಗ ತೆಗೀತಿರಲಿಲ್ಲ."

"ತೆಗೀತಿರಲಿಲ್ಲ," ಚಾಲಕ ಒಪ್ಪಿಕೊಂಡ. "ಸಹಿ ಹಾಕೋವರೆಗೂ ಮೇಲಿನವರ ಬಾಗಿಲಲ್ಲಿ ನಿಮ್ಮ ಜೊತೆ ಕೂರ್ತಿದ್ದೆ."

10.05ಕ್ಕೆ ಇಸ್ತ್ರಿಯವನನ್ನು ಬಂಧಿಸಲಾಯಿತು. ಜಪ್ತಿಯಾದ ಯಂತ್ರವನ್ನು ನ್ಯಾಯಾಲಯದ ಅನುಮತಿಯೊಂದಿಗೆ, ವೈದ್ಯರ ಮುಚ್ಚಳಿಕೆಯ ಮೇಲೆ, ಹೆಂಗಸರ ವಾರ್ಡಿನಲ್ಲಿ ಅವನ ಹೆಂಡತಿ ಮಲಗಿದ್ದ ಆರನೇ ಮಂಚದ ಪಕ್ಕ ಇಡಲಾಯಿತು. ಸಹಿ ಅದೇ ಸಂಜೆ ಬಂತು.

ಅಂದೂ ಠಾಣೆಗೆ ಬಂದಿದ್ದ ಚಾಲಕನ ಹೆಂಡತಿ ಬೆಂಚಿನಿಂದ ಎದ್ದು ಬಂದು ಇನ್ಸ್‌ಪೆಕ್ಟರ್‌ಗೆ ಕೈಮುಗಿದಳು. ಅವರು ಮೂರನೇ ಬೀಟಿನವಳನ್ನು ತೋರಿಸಿದರು. ಆ ಕಾನ್‌ಸ್ಟೆಬಲ್ ರೈಟರ್ ಅವರನ್ನು ತೋರಿಸಿದಳು. "ನನಗ್ಯಾಕಮ್ಮ? ಮೂರು ಪ್ರಶ್ನೆ ಹಿಂದಿನ ರೈಟರ್ ಕಲಿಸಿದ್ದು. ಅವರಿಗೆ ಅವರ ಹಿಂದಿನವರು," ಎಂದು ರೈಟರ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಚಾಲಕನ ಹೆಂಡತಿ ಎಲ್ಲರಿಗೂ, ಠಾಣೆಯ ಗೋಡೆಗೂ ಸೇರಿಸಿ ಕೈಮುಗಿದು ಹೋದಳು.

ಕೇಸ್ ಡೈರಿಯ ಕೊನೆಯ ಪುಟಕ್ಕೆ ಇನ್ಸ್‌ಪೆಕ್ಟರ್ ಒಂದು ಹಳೆಯ ಆಸ್ಪತ್ರೆ ಚೀಟಿ ಲಗತ್ತಿಸಿದರು. 'ಮನೆಯಲ್ಲಿ ಆಕ್ಸಿಜನ್ ಕೊಡುವುದು' ಎಂದು ವೈದ್ಯರು ಬರೆದಿದ್ದರು. ಎಲ್ಲಿಂದ ಎಂದು ಬರೆದಿರಲಿಲ್ಲ. ಆ ಚೀಟಿ ಇಸ್ತ್ರಿಯವನ ಜೇಬಿನಲ್ಲಿತ್ತು, ಒಂದೂ ಸುಕ್ಕಿಲ್ಲದೆ.

ಬುಧವಾರ 7.30, ಹಾಜರಿ.

"ಯಾರು ಕಾಣಲಿಲ್ಲ?" ಈ ಸಲ ಇನ್ಸ್‌ಪೆಕ್ಟರೇ ಕೇಳಿದರು.

"ಇಸ್ತ್ರಿಯಣ್ಣ ಸಾರ್. ಅವರ ಹೆಂಡತಿ."

"ಇಬ್ಬರೂ ಎಲ್ಲಿದ್ದಾರೆ ಅಂತ ಠಾಣೆಗೆ ಗೊತ್ತಿದೆ ಅಂತ ಬರ್ಕೊಳ್ಳಿ."

ರೈಟರ್ ಬರೆದುಕೊಂಡರು. ಇನ್ಸ್‌ಪೆಕ್ಟರ್ ಅಂಗಿಯ ಒಂದು ತೋಳು ಗರಿಗರಿಯಾಗಿತ್ತು. ಇನ್ನೊಂದು ಹಾಗೆಯೇ ಮುದುಡಿತ್ತು.