ಅಕ್ಕನ ಕಾರ್ಡು ಕದ್ದವರು

“ನಿನ್ನ ಅಕ್ಕನ ವೋಟರ್ ಕಾರ್ಡು ಕಳುವಾಗಿದೆ. ನಾಳೆ ಮತದಾನ. ಬೇಗ ಬಾ.”

ಭಾವನ ಫೋನು. ತಂಗಿ ಪೊಲೀಸ್ ಕೆಲಸದಿಂದ ರಿಟೈರಾದರೂ ಇನ್‌ಸ್ಪೆಕ್ಟರ್ ಇನ್‌ಸ್ಪೆಕ್ಟರೇ. ಚಪ್ಪಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅಕ್ಕನ ಮನೆಯಲ್ಲಿ ಬೀರುವಿನ ಬೀಗ ಮುರಿದಿರಲಿಲ್ಲ. ಒಡವೆ ಇದ್ದಲ್ಲೇ ಇತ್ತು. ಕಾರ್ಡು ಮಾತ್ರ ನಾಪತ್ತೆ. ಫೋಟೋ ಇರುವ ಗುರುತಿನ ಚೀಟಿ ತೋರಿಸದಿದ್ದರೆ ವೋಟಿಲ್ಲ ಎಂಬ ನಿಯಮ ಬೇರೆ. ದೊಡ್ಡ ಕಾಯಿಲೆಯಿಂದ ಎದ್ದಿದ್ದ ಅಕ್ಕ ತಲೆಗೆ ಸ್ಕಾರ್ಫು ಬಿಗಿದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

“ಹೋಗಲಿ ಬಿಡೇ. ಒಂದು ವೋಟಿಗೆ ಇಷ್ಟು ರಂಪ ಯಾಕೆ?”

ಇನ್‌ಸ್ಪೆಕ್ಟರಿಗೆ ಈ ಮಾತು ರುಚಿಸಲಿಲ್ಲ. ಜ್ವರದಲ್ಲೂ ಬೂತಿಗೆ ಹೋಗಿಬಂದವಳು ಇವಳು.

*

ಮೊದಲ ಅನುಮಾನ ಭಾವನ ಮೇಲೆ. ಮದುವೆಯಾದಾಗಿನಿಂದ ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು.

“ಈ ಸಲ ನಿಮ್ಮ ವೋಟು ಉಳೀತು, ಭಾವ.”

“ಉಳಿಸಿಕೊಂಡು ಏನು ಮಾಡಲಿ? ನಾನು ಹಾಕಿದ್ದು ಇವಳಿಂದ ವಜಾ. ಮನೆ ತಲುಪೋವರೆಗೂ ಜಗಳ. ಆ ಜಗಳವೇ ಇಲ್ಲದ ಮೇಲೆ ನಂಗೆ ಎಲೆಕ್ಷನ್ ಯಾಕೆ?”

ಇದು ಕಳ್ಳನ ಮಾತಲ್ಲ. ಅಲ್ಲದೆ, ಕದ್ದವನು ತಾನೇ ಪೊಲೀಸರನ್ನು ಕರೆಯುವುದಿಲ್ಲ. ನಿನ್ನೆ ಪ್ರಚಾರಕ್ಕೆ ಬಂದಿದ್ದ ಪಕ್ಷದವನೋ ಹೊಸ್ತಿಲು ದಾಟಿರಲಿಲ್ಲ.

“ಪಾಸ್‌ಪೋರ್ಟ್ ಆದರೂ ನಡೆಯುತ್ತೆ. ತನ್ನಿ.”

ಅದೂ ಇಲ್ಲ. ಡ್ರೈವಿಂಗ್ ಲೈಸೆನ್ಸೂ ಇಲ್ಲ. ಇಬ್ಬರ ಕಾರ್ಡುಗಳನ್ನೂ ಇಡುವ ಬೀರುವಿನ ಡಬ್ಬಿಯಲ್ಲಿ ಭಾವನವು ಮಾತ್ರ ಭದ್ರ.

ಇನ್‌ಸ್ಪೆಕ್ಟರ್ ಮನೆಯೊಳಗೆ ಒಂದು ಸುತ್ತು ಹಾಕಿದಳು. ಮದುವೆ ಫೋಟೋ ಇದ್ದ ಕಡೆ ಬರೀ ಮೊಳೆ. ಬಚ್ಚಲಿನ ಕನ್ನಡಿ ಮೇಲೆ ಟವೆಲು. ಕಳ್ಳತನ ಅರ್ಥವಾಯಿತು. ನೇರ ಅಕ್ಕನ ಕೋಣೆಗೆ ನಡೆದಳು.

*

“ವೋಟು ತಪ್ಪಿಸೋದೇ ಉದ್ದೇಶವಾಗಿದ್ದರೆ ಮದುವೆ ಫೋಟೋ ಯಾಕೆ ಹೋಗಬೇಕಿತ್ತು? ಹೋಗಿರೋದೆಲ್ಲ ನಿನ್ನ ಹಳೇ ಮುಖ, ಅಕ್ಕ. ಏಳು, ಹಾಸಿಗೆ ಎತ್ತಬೇಕು.”

ಎಲ್ಲ ಅಲ್ಲೇ ಇತ್ತು.

“ಬ್ಯಾಂಕಿನ ಹುಡುಗಿ ಫೋಟೋ ನೋಡಿದಳು, ನನ್ನ ನೋಡಿದಳು. ‘ಇದು ನೀವಾ?’ ಅಂತ ಜೋರಾಗಿ ಕೇಳಿದಳು. ಸಾಲಿನವರೆಲ್ಲ ತಿರುಗಿದರು. ಕೂದಲಿಲ್ಲ, ಹುಬ್ಬಿಲ್ಲ. ಏನು ಹೇಳಬೇಕೋ ನಂಗೇ ಹೊಳೀಲಿಲ್ಲ ಕಣೇ.”

ಇನ್‌ಸ್ಪೆಕ್ಟರ್ ಕಳ್ಳಿಯನ್ನು ತಬ್ಬಿಕೊಂಡು ಅತ್ತಳು.

*

ಮರುದಿನ ಬೂತಿನ ಅಧಿಕಾರಿ ಕಾರ್ಡು ನೋಡಿದ. ಅಕ್ಕನನ್ನು ನೋಡಿದ. ಮತ್ತೆ ಕಾರ್ಡು ನೋಡಿದ.

ಹಿಂದಿನಿಂದ ಭಾವ ಬಾಯಿ ಹಾಕಿದ. “ಇವಳೇ ಸ್ವಾಮಿ. ಅನುಮಾನವಿದ್ದರೆ ಒಂದು ಜಗಳ ತೆಗೆದು ನೋಡಿ.”

“ನೀವು ಸುಮ್ಮನಿರಿ.” ಅಕ್ಕ ಸ್ಕಾರ್ಫು ಬಿಚ್ಚಿ ಗಂಡನ ಕೈಗೆ ತುರುಕಿದಳು. “ನಾನೇ. ಸರಿಯಾಗಿ ನೋಡಿ.”

ಅಧಿಕಾರಿ ನೋಡಿದ. “ಕಣ್ಣು ಅವೇ ಇವೆ, ಅಮ್ಮ,” ಎಂದು ಪಕ್ಕದವನಿಗೆ ಶಾಯಿ ಹಚ್ಚಲು ಹೇಳಿದ.

ಹೊರಗೆ ಬಂದಮೇಲೆ ಭಾವ ಕೇಳಿದ, “ಯಾರಿಗೆ ಒತ್ತಿದೆ?”

“ಇನ್ಯಾರಿಗೆ? ನಿಮ್ಮದು ಈ ಸಲವೂ ವಜಾ.”

ಮನೆ ತಲುಪುವವರೆಗೂ ಅವರಿಬ್ಬರೂ ಜಗಳವಾಡಿದರು. ಸ್ಕಾರ್ಫು ಭಾವನ ಜೇಬಿನಲ್ಲೇ ಉಳಿಯಿತು.