ಬಳ್ಳಿ ತುಂಬಿದ ಟಯರು

‘ಠಸ್’ ಎಂದಿತು. ಶಿಲ್ಪಾಳ ಎದೆಯೂ ಧಸಕ್ ಎಂದಿತು.

ಸೈಕಲ್ಲಿನ ಮುಂದಿನ ಚಕ್ರ ಕೆಂಪು ಕಲ್ಲಿನ ಚೂಪು ಅಂಚಿಗೆ ಬಡಿದಿತ್ತು. ಸೈಕಲ್ ವಾಲಿತು, ಅವಳೂ ವಾಲಿದಳು, ಎರಡೂ ಹೋಗಿ ಪೊದೆಗೆ ಬಿದ್ದವು. ಮೊಣಕೈ ತರಚಿತ್ತು. ಅದನ್ನು ನೋಡಲು ಪುರುಸೊತ್ತು ಯಾರಿಗೆ? ಅವಳು ಮೊದಲು ಮುಟ್ಟಿ ನೋಡಿದ್ದು ಟಯರನ್ನು. ಗಾಳಿ ಪೂರ್ತಿ ಹೋಗಿತ್ತು.

ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಡಬಲ್ ಬರುತ್ತಿದ್ದ ಜಿತೇಶ್ ಮತ್ತು ಅವನ ತಂಗಿ ತೃಷಾ ಇಳಿದು ಓಡಿಬಂದರು. ಮೂವರೂ ಮಣಿಪಾಲದ ಒಂದೇ ಶಾಲೆಯವರು. ಏಪ್ರಿಲ್ ರಜೆ. ಗುಡ್ಡದ ಹಿಂದಿನ ಕಾಡುದಾರಿಯಲ್ಲಿ ಇಳಿದು, ಸ್ವರ್ಣಾ ನದಿಯಲ್ಲಿ ಕಾಲು ಅದ್ದಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಈಗ ವಾಪಸು ಹೊರಟಿದ್ದರು.

ಈ ಸೈಕಲ್ ಶಿಲ್ಪಾಳದ್ದಲ್ಲ, ಅಪ್ಪನದು. ಕೇಳಿ ತಂದದ್ದೂ ಅಲ್ಲ. ಅಪ್ಪ ಊಟ ಮಾಡಿ ಮಲಗಿದ್ದಾಗ ಸದ್ದಿಲ್ಲದೆ ತಳ್ಳಿಕೊಂಡು ಬಂದದ್ದು.

ಅವಳ ಅಪ್ಪ ಮಾನಪ್ಪ ಗಾರೆ ಕೆಲಸದವನು. ರಾಯಚೂರಿನ ಕಡೆಯಿಂದ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಪರ್ಕಳದ ಹತ್ತಿರ, ಬಸ್ಸು ಹೋಗದ ಒಳದಾರಿಯಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಮೊನ್ನೆ ತಾನೇ ಸ್ಲ್ಯಾಬ್ ಹಾಕಿದ್ದರು. ಹೊಸ ಸ್ಲ್ಯಾಬಿಗೆ ಹೊತ್ತು ಹೊತ್ತಿಗೆ ನೀರು ಕುಡಿಸಬೇಕು. ಒಣಗಿದರೆ ಬಿರುಕು ಬಿಡುತ್ತದೆ. ನಾಲ್ಕು ಗಂಟೆಯ ನೀರು ಒಂದು ದಿನ ತಪ್ಪಿದರೂ ಕೆಲಸಕ್ಕೆ ಬರುವುದೇ ಬೇಡ ಎಂದು ಮೇಸ್ತ್ರಿ ಭೋಜಣ್ಣ ಹೇಳಿಬಿಟ್ಟಿದ್ದ. ಅದರ ಮೇಲೆ ಅಪ್ಪನ ಅಂಗಾಲಿಗೆ ಮೊಳೆ ಚುಚ್ಚಿ ಬ್ಯಾಂಡೇಜು ಬೇರೆ. ಸೈಕಲ್ ಇಲ್ಲದೆ ಅವನು ಅಷ್ಟು ದೂರ ಹೋಗುವುದು ಹೇಗೆ? ಜಿತೇಶನದು ಮಕ್ಕಳ ಸೈಕಲ್, ಅಪ್ಪನ ಭಾರ ತಾಳದು.

ಜಿತೇಶನ ವಾಚಿನಲ್ಲಿ ಎರಡೂ ಮುಕ್ಕಾಲು. ತಳ್ಳೋಣ ಎಂದರೆ ಹತ್ತು ಹೆಜ್ಜೆಗೆ ಟಯರು ರಿಮ್ಮಿನಿಂದ ಜಾರಿ ಸಿಕ್ಕಿಹಾಕಿಕೊಂಡಿತು. ಹೊರೋಣ ಎಂದರೆ ಕಬ್ಬಿಣದ ಗಟ್ಟಿ ಸೈಕಲ್, ಎದುರಿಗೆ ಏರು.

“ಟಯರನ್ನು ರಿಮ್ಮಿಗೆ ಕಟ್ಟಿಬಿಡುವ,” ಎಂದ ಜಿತೇಶ್. “ಶಿಲ್ಪಾ, ಎಲ್ಲಿಯಾದರೂ ಒಂದು ಬಳ್ಳಿ ಉಂಟಾ ನೋಡು ಮಾರಾಯ್ತಿ.”

ಅವಳು ಒಂದೇ ಉಸಿರಿಗೆ ಓಡಿದಳು. ಮರಕ್ಕೆ ಹಬ್ಬಿದ್ದ ಹಸಿ ಬಳ್ಳಿಯನ್ನು ಜಗ್ಗಿ ಜಗ್ಗಿ ಎಳೆದು, ಎಲೆ ಸಮೇತ ಒಂದು ಹೊರೆ ತಂದು ಅವನ ಮುಂದೆ ಹಾಕಿದಳು.

ಜಿತೇಶ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ತೃಷಾಳಿಗೂ ನಗು ತಡೆಯಲಾಗಲಿಲ್ಲ. ಇಲ್ಲಿ ಬಳ್ಳಿ ಅಂದರೆ ದನ ಕಟ್ಟುತ್ತಾರಲ್ಲ, ಅದು ಎಂದು ನಗುತ್ತಲೇ ಹೇಳಿದಳು.

“ಹಂಗಾರ ಹಗ್ಗ ಅನ್ನಬೇಕಿಲ್ಲೇನು?” ಎಂದಳು ಶಿಲ್ಪಾ. ಹೊರೆಯನ್ನು ಕಾಲಿನಿಂದ ತಳ್ಳಿ, ಅವರಿಗೆ ಬೆನ್ನು ಹಾಕಿ ನಿಂತಳು. ಬಂದು ಎರಡು ವರ್ಷ, ಆದರೂ ದಿನಕ್ಕೊಂದು ಮಾತು ಅವಳ ಕಾಲಿಗೆ ತೊಡರುತ್ತಲೇ ಇತ್ತು. ಅಣ್ಣ ತಂಗಿ ನಗು ನಿಲ್ಲಿಸಿ, ತಾವೇ ಹಗ್ಗ ಹುಡುಕಲು ಹೋದರು.

ಶಿಲ್ಪಾ ಒಬ್ಬಳೇ ಕೂತಳು. ಏನು ಮಾಡಲೂ ತೋಚದೆ ಆ ಬಳ್ಳಿಯನ್ನೇ ಕೈಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವ್ವ ಕಾಂಕ್ರೀಟಿನ ಬಾಣಲಿ ಹೊರುವ ಮೊದಲು ಹಳೆ ಸೀರೆ ಸುತ್ತಿ ತಲೆ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾಳೆ. ಥೇಟ್ ಹಾಗೇ ಕಂಡಿತು. ಬಟ್ಟೆಯ ಸಿಂಬಿ ಅಷ್ಟು ಭಾರ ತಾಳುತ್ತದೆ. ಹಾಗಾದರೆ ಟಯರಿನೊಳಗೆ ಬಳ್ಳಿಯ ಸಿಂಬಿ ಇಟ್ಟರೆ?

ಹಗ್ಗ ಸಿಗದೆ ಅಣ್ಣ ತಂಗಿ ಬರಿಗೈಯಲ್ಲಿ ವಾಪಸು ಬಂದಾಗ ಅವಳು ಸೈಕಲ್ ಮಗುಚಿ ನಿಲ್ಲಿಸಿ, ಟಯರಿನ ಒಂದು ಬದಿ ಬಿಡಿಸಿ, ಬಳ್ಳಿಯನ್ನು ಒಳಗೆ ಗಿಡಿಯುತ್ತಿದ್ದಳು. ಜಿತೇಶ್ ಈ ಸಲ ನಗಲಿಲ್ಲ. ಬುತ್ತಿಯ ಡಬ್ಬಿಯಿಂದ ಸ್ಟೀಲ್ ಚಮಚ ತೆಗೆದು ಟಯರಿನ ಅಂಚು ಎತ್ತಿ ಹಿಡಿದ. ತೃಷಾ ಓಡಿ ಓಡಿ ಬಳ್ಳಿ ತಂದಳು. ತುಂಬಿದಷ್ಟೂ ಸಾಲದು. ಚಮಚ ಸೊಟ್ಟಗಾಯಿತು, ಶಿಲ್ಪಾಳ ಉಗುರು ಕಿತ್ತು ಬಂತು. ಕೊನೆಗೆ ಟಯರು ಉಬ್ಬುತಗ್ಗಾಗಿ ಕೂತಾಗ ಮೂರೂ ಕಾಲು.

ಅವಳು ಸೈಕಲ್ಲಿನ ಅಡ್ಡ ಬಾರಿನ ಕೆಳಗೆ ಕಾಲು ತೂರಿಸಿ ತುಳಿದಳು. ಚಕ್ರ ದಡಬಡ ಎನ್ನುತ್ತಿತ್ತು. ಅಂಚಿನಿಂದ ಎಲೆಗಳು ಇಣುಕುತ್ತಿದ್ದವು. ಈಗ ಬಿಚ್ಚಿತು, ಈಗ ಬಿಚ್ಚಿತು ಎಂದು ಪ್ರತಿ ಕುಣಿಗೂ ಜೀವ ಬಾಯಿಗೆ ಬರುತ್ತಿತ್ತು. ಅಪ್ಪನಿಗೆ ಏನು ಸುಳ್ಳು ಹೇಳಲಿ ಎಂದೂ ಯೋಚಿಸುತ್ತಿದ್ದಳು. ಮೂರು ಸುಳ್ಳು ಸಿದ್ಧವಾದವು.

ಟಾರ್ ರಸ್ತೆ ಹತ್ತಿ, ಅಣ್ಣ ತಂಗಿ ತಮ್ಮ ಮನೆ ಕಡೆ ತಿರುಗಿದ ಮೇಲೆ ಪರ್ಕಳದ ಕಡೆ ನೋಡಿದರೆ, ಮುಂದಿನ ತಿರುವಿನಲ್ಲಿ ಒಬ್ಬ ಮನುಷ್ಯ ಕುಂಟುತ್ತಾ ಹೋಗುತ್ತಿದ್ದ. ಬೆನ್ನಿನ ಅಂಗಿ ಬೆವರಿಗೆ ಅಂಟಿತ್ತು. ಬ್ಯಾಂಡೇಜಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ.

ಮೂರೂ ಸುಳ್ಳು ಅಲ್ಲೇ ಕರಗಿದವು. “ಅಪ್ಪಾ,” ಎಂದಳು ಶಿಲ್ಪಾ. “ತಪ್ಪಾತು.”

ಮಾನಪ್ಪ ಅವಳ ಮೊಣಕೈ ನೋಡಿದ. ಸೈಕಲ್ ನೋಡಿದ. ಬಗ್ಗಿ ಟಯರನ್ನು ಹೆಬ್ಬೆರಳಿನಿಂದ ಒತ್ತಿದ, ಒಂದು ಎಲೆ ಎಳೆದ. ಆಮೇಲೆ ಹತ್ತಿ ಕೂತು ತುಳಿದ. ಅವನ ಭಾರಕ್ಕೆ ಟಯರು ಒಮ್ಮೆ ಕುಯ್ ಎಂದಿತು, ಆದರೆ ಬಿಚ್ಚಲಿಲ್ಲ. ಶಿಲ್ಪಾ ಹಿಂದೆ ಹಿಂದೆ ಓಡಿದಳು.

ಇಬ್ಬರೂ ಕಟ್ಟಡ ಹತ್ತಿದಾಗ ಸ್ಲ್ಯಾಬಿನ ಮೂಲೆಗಳು ಆಗಲೇ ಒಣಗಿ ಬೆಳ್ಳಗಾಗತೊಡಗಿದ್ದವು. ಕಾಲಿಟ್ಟರೆ ಸುಡುತ್ತಿತ್ತು. ಅಪ್ಪ ನಲ್ಲಿ ತಿರುಗಿಸಿದ, ನೀರಿನ ರಭಸಕ್ಕೆ ಪೈಪು ಕಿತ್ತು ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹೇಳಿದ, “ಶಿಲ್ಪಾ, ಬಳ್ಳಿ ತಾ.”

ಅವಳು ನಿಂತೇಬಿಟ್ಟಳು. ಅಪ್ಪನ ಬಾಯಲ್ಲಿ ಆ ಮಾತು ಇಲ್ಲಿಯವರ ಹಾಗೇ ಬಂದಿತ್ತು. ಹಗ್ಗ ಅವಳ ಕಾಲ ಬಳಿಯೇ ಬಿದ್ದಿತ್ತು.

“ಇದನ್ನ ಬಳ್ಳಿ ಅಂತಾರಂತ ನಿನಗ ಯಾರು ಹೇಳಿದ್ರಪ್ಪಾ?”

“ಯಾರೂ ಹೇಳಲಿಲ್ಲ. ಕೆಲಸಕ್ಕ ಬಂದ ಮೊದಲನೇ ದಿನ ಮೇಸ್ತ್ರಿ ಬಳ್ಳಿ ತಾ ಅಂದ. ನಾನು ಬೇಲಿ ಮ್ಯಾಲಿನ ಬಳ್ಳೀನ ಹರಕೊಂಡು ಹೋದೆ. ಸಂಜೀ ತನಕ ನಕ್ರು ಎಲ್ಲಾರೂ. ನಿಮ್ಮವ್ವಗೂ ಹೇಳಿಲ್ಲ ಅದನ್ನ.”

ಶಿಲ್ಪಾ ಹಗ್ಗ ಕೊಟ್ಟಳು. ಅಪ್ಪ ಪೈಪು ಬಿಗಿದು ಕಟ್ಟುವುದನ್ನು ನೋಡುತ್ತಾ ನಿಂತಳು. ಆ ದಿನ ಅಪ್ಪನೂ ಅವಳ ಹಾಗೇ ಬೆನ್ನು ಹಾಕಿ ನಿಂತಿರಬೇಕು.

“ಆ ಬಳ್ಳಿ ಏನು ಮಾಡಿದಿ?”

“ಬೇಲಿ ಆಚೆ ಒಗದುಬಿಟ್ಟೆ,” ಎಂದ ಮಾನಪ್ಪ. ಕೆಳಗೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಕಡೆ ನೋಡಿದ. “ನೀ ಒಗೀಲಿಲ್ಲ.”

ಅವಳು ಪೈಪನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು. ಬ್ಯಾಂಡೇಜು ಒದ್ದೆಯಾದೀತು, ಅಲ್ಲಿ ಖಾಲಿ ಸಿಮೆಂಟು ಚೀಲದ ಮೇಲೆ ಕೂಡು ಎಂದಳು. ಆಮೇಲೆ ಎಲ್ಲಕ್ಕಿಂತ ಬೆಳ್ಳಗಾಗಿದ್ದ ಮೂಲೆಗೆ ಹೋಗಿ ಮೊದಲು ಅದಕ್ಕೆ ನೀರು ಬಿಟ್ಟಳು.